ಸೀಟೂ ಅದಲುಬದಲು, ಮನೆಯೂ ಅದಲುಬದಲು: ವಿದೇಶದಲ್ಲಿ ಕೆಲವು ತಿಂಗಳು ಇದ್ದು ಬರುವುದು ಹೇಗೆ?

ವಿದೇಶದಲ್ಲಿ ಕೆಲವು ತಿಂಗಳು ಇದ್ದು ಬರಬೇಕು ಅನ್ನುವವರಿಗೆ ಎರಡು ದೊಡ್ಡ ಖರ್ಚು. ಒಂದು ಓದಿನ ಫೀಸು, ಇನ್ನೊಂದು ಮನೆ ಬಾಡಿಗೆ. ಎರಡನ್ನೂ ಪೂರ್ತಿ ಕೈಯಿಂದ ಕೊಡಬೇಕಾಗಿಲ್ಲ. ಅದಲುಬದಲು ಮಾಡಿಕೊಳ್ಳಬಹುದು. ಅಲ್ಲಿಯ ವಿದ್ಯಾರ್ಥಿ ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ. ಅವರ ಮನೆಯಲ್ಲಿ ನೀವು, ನಿಮ್ಮ ಮನೆಯಲ್ಲಿ ಅವರು.

ನಾನು ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೋಗುವವರ ಅರ್ಜಿ, ಬರುವವರ ಅರ್ಜಿ ಎರಡೂ ನನ್ನ ಮೇಜಿಗೇ ಬರುತ್ತವೆ. ರಜೆ ಬಂದರೆ ನಾನು, ನನ್ನ ಗಂಡ, ಮಕ್ಕಳು ಬೇರೆ ದೇಶದ ಯಾರದೋ ಮನೆಯಲ್ಲಿ ಇರುತ್ತೇವೆ. ಅವರು ನಮ್ಮ ಮನೆಯಲ್ಲಿ. ಎರಡರಲ್ಲೂ ನಾನು ಮೊದಲು ಹೇಳುವುದು ಒಂದೇ ಮಾತು. ನಿಮ್ಮ ಎದುರಿಗೆ ಇನ್ನೊಬ್ಬರು ಇದ್ದಾರೆ. ಅವರ ಜೊತೆ ಏನೇನು ಮಾತಾಗಿದೆಯೋ ಅದೆಲ್ಲ ಕಾಗದದ ಮೇಲೆ ಬರಲಿ. ಟಿಕೆಟ್ ಆಮೇಲೆ.

ಸೀಟು ಹುಡುಕುವಾಗ

ಮೊದಲು ಒಂದು ವ್ಯತ್ಯಾಸ ಗೊತ್ತಿರಲಿ. ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದ ಇದ್ದು ಅದರಡಿ ಹೋದರೆ ಅದು ಎಕ್ಸ್‌ಚೇಂಜ್. ಫೀಸನ್ನು ಸಾಮಾನ್ಯವಾಗಿ ನಿಮ್ಮ ವಿಶ್ವವಿದ್ಯಾಲಯಕ್ಕೇ ಕಟ್ಟುತ್ತೀರಿ, ಅಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ಒಪ್ಪಂದ ಇಲ್ಲದೆ ನೀವೇ ಅರ್ಜಿ ಹಾಕಿಕೊಂಡು ಹೋದರೆ ಅಲ್ಲಿಯ ಫೀಸು ನಿಮ್ಮದೇ. ಖಾಸಗಿ ಏಜೆನ್ಸಿಗಳ ಜಾಹೀರಾತಿನಲ್ಲಿ ಎರಡಕ್ಕೂ ಒಂದೇ ಹೆಸರು ಇರುತ್ತದೆ. ಹಾಗಾಗಿ "ಬೋಧನಾ ಶುಲ್ಕ ಮನ್ನಾ ಇದೆಯಾ?" ಎಂದು ನೇರವಾಗಿ ಕೇಳಿ.

ಒಪ್ಪಂದದ ಸೀಟುಗಳು ಕಡಿಮೆ. ಇಲ್ಲಿಂದ ಎಷ್ಟು ಜನ ಹೋಗುತ್ತಾರೋ ಹೆಚ್ಚುಕಡಿಮೆ ಅಷ್ಟೇ ಜನ ಅಲ್ಲಿಂದ ಬರಬೇಕು, ಆ ಲೆಕ್ಕದಲ್ಲಿ ಇದು ನಡೆಯುತ್ತದೆ. ಎಲ್ಲರೂ ರಾಜಧಾನಿ ನಗರಗಳನ್ನೇ ಬರೆಯುತ್ತಾರೆ. ಎರಡನೇ, ಮೂರನೇ ಸಾಲಿನ ಊರುಗಳ ಸೀಟು ಖಾಲಿ ಉಳಿದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಊರುಗಳಲ್ಲಿ ಬಾಡಿಗೆ ಕಡಿಮೆ, ಸ್ಥಳೀಯ ಗೆಳೆಯರು ಬೇಗ ಸಿಗುತ್ತಾರೆ, ಭಾಷೆಯೂ ಬೇಗ ಬಾಯಿಗೆ ಬರುತ್ತದೆ. ನನ್ನನ್ನು ಕೇಳಿದರೆ ಅಂಥ ಊರನ್ನೇ ಮೊದಲ ಆಯ್ಕೆಯಾಗಿ ಬರೆಯಿರಿ.

ಯುರೋಪಿನ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆ ಈ ದಾರಿಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿ. 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳಿಂದ ಶುರುವಾಯಿತು. ಈಗ ಯುರೋಪಿನ ಹೊರಗಿನ ವಿಶ್ವವಿದ್ಯಾಲಯಗಳ ಜೊತೆಗೂ ಒಪ್ಪಂದಗಳಿವೆ. ಓದಲು ಹೋಗುವವರು 2 ತಿಂಗಳಿಂದ 12 ತಿಂಗಳವರೆಗೆ ಇರಬಹುದು. ಹೈಸ್ಕೂಲ್ ವಯಸ್ಸಿನವರಿಗೆ ಬೇರೆ ದಾರಿಗಳಿವೆ. 1947ರಿಂದ ವಿದ್ಯಾರ್ಥಿಗಳನ್ನು ಕಳಿಸುತ್ತಿರುವ ಎಎಫ್‌ಎಸ್ ಎಂಬ ಸಂಸ್ಥೆ ಇದೆ, ರೋಟರಿಯ ಯೂತ್ ಎಕ್ಸ್‌ಚೇಂಜ್ ಇದೆ. ಇವುಗಳಲ್ಲಿ ಮಕ್ಕಳು ಅಲ್ಲಿಯ ಕುಟುಂಬದ ಜೊತೆ ಇರುತ್ತಾರೆ. ಎಂಜಿನಿಯರಿಂಗ್, ವಿಜ್ಞಾನ ಓದುವವರು ತರಬೇತಿಗೆ ಹೋಗಬೇಕಿದ್ದರೆ 1948ರಲ್ಲಿ ಹುಟ್ಟಿದ, ವಿದೇಶದಲ್ಲಿ ತರಬೇತಿ ಕೊಡಿಸುವ ಐಎಇಎಸ್‌ಟಿಇ ಎಂಬ ಸಂಸ್ಥೆಯನ್ನು ನೋಡಿ.

ತಯಾರಿಗೆ ಒಂದು ವರ್ಷ ಬೇಕು. ಇದು ಜಾಸ್ತಿ ಅನ್ನಿಸಬಹುದು. ಆದರೆ ಮೊದಲು ನಿಮ್ಮ ವಿಶ್ವವಿದ್ಯಾಲಯ ನಿಮ್ಮ ಹೆಸರನ್ನು ಅಲ್ಲಿಗೆ ಕಳಿಸಬೇಕು. ಆಮೇಲೆ ನೀವು ಅಲ್ಲಿಗೆ ಅರ್ಜಿ ಹಾಕಬೇಕು. ಆಮೇಲೆ ಪ್ರವೇಶ ಪತ್ರ, ಅದು ಬಂದ ಮೇಲೆ ವೀಸಾ. ಒಂದು ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ಕ್ಯಾಲೆಂಡರ್ ಕೂಡ ನೋಡಿಕೊಳ್ಳಿ. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಪಾಠಗಳು ಹೆಚ್ಚಿನ ಕಡೆ ಅಕ್ಟೋಬರ್‌ನಲ್ಲಿ ಶುರುವಾಗಿ ಫೆಬ್ರವರಿವರೆಗೆ ನಡೆಯುತ್ತವೆ. ಆಸ್ಟ್ರೇಲಿಯಾದಲ್ಲಿ ವರ್ಷದ ಮೊದಲ ಸೆಮಿಸ್ಟರ್ ಶುರುವಾಗುವುದೇ ಫೆಬ್ರವರಿ ಕೊನೆಗೋ ಮಾರ್ಚ್‌ಗೋ. ನಿಮ್ಮ ಪರೀಕ್ಷೆ ಮುಗಿಯುವ ಮೊದಲೇ ಅಲ್ಲಿ ತರಗತಿ ಶುರುವಾದರೆ ಏನು ಮಾಡುತ್ತೀರಿ? ಅದನ್ನು ಈಗಲೇ ವಿಭಾಗದ ಮುಖ್ಯಸ್ಥರ ಹತ್ತಿರ ಮಾತಾಡಿ.

ಎಲ್ಲಕ್ಕಿಂತ ಮುಖ್ಯವಾದ ಕಾಗದ

ಲರ್ನಿಂಗ್ ಅಗ್ರಿಮೆಂಟ್ ಎಂಬ ನಮೂನೆ ಇದೆ. ವಿದ್ಯಾರ್ಥಿಗಳು ಇದನ್ನು ಸುಮ್ನೆ ಒಂದು ಫಾರಂ ಅಂದುಕೊಂಡು ಕೊನೆಯ ದಿನ ತುಂಬುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಸೆಮಿಸ್ಟರ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದು ಇದರ ಮೇಲೇ ನಿಂತಿದೆ.

ಅದರಲ್ಲಿ ಎರಡು ಪಟ್ಟಿ. ಒಂದರಲ್ಲಿ ಅಲ್ಲಿ ನೀವು ಓದುವ ವಿಷಯಗಳು. ಇನ್ನೊಂದರಲ್ಲಿ, ಅವುಗಳ ಬದಲಿಗೆ ಇಲ್ಲಿ ಯಾವ ವಿಷಯಗಳನ್ನು ನೀವು ಮುಗಿಸಿದ ಹಾಗೆ ಎಂಬುದು. ಕೆಳಗೆ ಮೂರು ಸಹಿ: ನಿಮ್ಮದು, ನಿಮ್ಮ ವಿಶ್ವವಿದ್ಯಾಲಯದ್ದು, ಅಲ್ಲಿಯ ವಿಶ್ವವಿದ್ಯಾಲಯದ್ದು. ಯುರೋಪಿನಲ್ಲಿ ಒಂದು ಪೂರ್ತಿ ವರ್ಷದ ಓದಿಗೆ 60 ಇಸಿಟಿಎಸ್ (ಯುರೋಪಿನ ದೇಶಗಳು ಒಟ್ಟಾಗಿ ಬಳಸುವ ಲೆಕ್ಕ) ಕ್ರೆಡಿಟ್, ಸೆಮಿಸ್ಟರ್‌ಗೆ 30. ಒಂದು ಕ್ರೆಡಿಟ್ ಎಂದರೆ ತರಗತಿ, ಓದು, ಪರೀಕ್ಷೆ ಎಲ್ಲ ಸೇರಿ 25ರಿಂದ 30 ಗಂಟೆಯ ಕೆಲಸ. ನಿಮ್ಮ ಕ್ರೆಡಿಟ್ ಲೆಕ್ಕ ಬೇರೆ ಇದ್ದರೆ ಎಷ್ಟಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ.

ನಾನು ವಿದ್ಯಾರ್ಥಿಗಳ ಜೊತೆ ಕೂತು ಇದನ್ನು ತುಂಬುವಾಗ ಹೀಗೆ ಮಾಡುತ್ತೇನೆ. ಬೇಕಾದ ವಿಷಯಗಳ ಜೊತೆ ಇನ್ನೂ ಎರಡನ್ನು ಬದಲಿಯಾಗಿ ಒಪ್ಪಿಸಿಡುತ್ತೇವೆ. ಅಲ್ಲಿ ಹೋದ ಮೇಲೆ ಎರಡು ತರಗತಿ ಒಂದೇ ಹೊತ್ತಿಗೆ ಬೀಳುತ್ತವೆ, ಅಥವಾ ಆ ವರ್ಷ ಒಂದು ವಿಷಯವೇ ಇರುವುದಿಲ್ಲ. ಇದು ಪ್ರತಿ ಸೆಮಿಸ್ಟರ್ ನಡೆಯುವ ಸಂಗತಿ. ಪ್ರತಿ ವಿಷಯದ ಪಠ್ಯಕ್ರಮದ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಮುಂದಿನ ವರ್ಷ ಆ ಪುಟ ಬದಲಾಗಿರುತ್ತದೆ. ವಾಪಸ್ ಬಂದು "ಇದೇ ವಿಷಯ ಓದಿದ್ದೆ" ಎನ್ನಲು ಆ ಪಿಡಿಎಫ್ ಬಿಟ್ಟು ಬೇರೆ ಸಾಕ್ಷಿ ಇರುವುದಿಲ್ಲ. ಅಲ್ಲಿ ವಿಷಯ ಬದಲಿಸಿದರೆ ಅದೇ ವಾರ ಮತ್ತೆ ಮೂರು ಸಹಿ ಹಾಕಿಸಿ. "ಸರಿ, ಮಾಡಿ" ಎಂದು ಫೋನಿನಲ್ಲಿ ಹೇಳಿದ ಪ್ರಾಧ್ಯಾಪಕರು ನೀವು ಬರುವ ಹೊತ್ತಿಗೆ ಬೇರೆ ಕಡೆ ಹೋಗಿರಬಹುದು.

ವೀಸಾ, ವಿಮೆ

ಅಮೆರಿಕಕ್ಕೆ ಎಕ್ಸ್‌ಚೇಂಜ್‌ನಲ್ಲಿ ಹೋಗುವವರಿಗೆ ಸಾಮಾನ್ಯವಾಗಿ ಜೆ-1 ವೀಸಾ. ಅದಕ್ಕೆ ಅಲ್ಲಿಯ ಸಂಸ್ಥೆ ಕೊಡುವ ಡಿಎಸ್-2019 ಎಂಬ ನಮೂನೆ ಬೇಕು. ವಿಮೆಗೂ ನಿಯಮ ಇದೆ: ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ರಕ್ಷಣೆ ಇರಬೇಕು. ಸರಕಾರದ ಹಣದಲ್ಲಿ ಹೋದವರು ಓದು ಮುಗಿದ ಮೇಲೆ ಎರಡು ವರ್ಷ ತಮ್ಮ ದೇಶದಲ್ಲಿ ಇರಬೇಕೆಂಬ ಷರತ್ತೂ ಬರಬಹುದು. ನಮೂನೆಯ ಮೇಲಿನ ಟಿಪ್ಪಣಿಯನ್ನು ಸಹಿ ಹಾಕುವ ಮೊದಲು ಓದಿ.

ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ಕಿರು ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಿಗೆ, ಆ ವೀಸಾದಲ್ಲಿ ಹೋದರೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಪ್ರಯಾಣ ವಿಮೆಯಲ್ಲಿ ಕನಿಷ್ಠ 30,000 ಯೂರೊ ರಕ್ಷಣೆ ಇರಬೇಕು. 90 ದಿನಕ್ಕಿಂತ ಹೆಚ್ಚು ಇರಬೇಕಾದರೆ ಆ ದೇಶದ ರಾಷ್ಟ್ರೀಯ ವೀಸಾ ತೆಗೆದುಕೊಳ್ಳಬೇಕು. ಮೂರು ತಿಂಗಳು ಎಂದರೆ 90 ದಿನ ಅಲ್ಲ, ಇದನ್ನು ಗಮನಿಸಿ. ಜೂನ್ 1ಕ್ಕೆ ಇಳಿದು ಆಗಸ್ಟ್ 31ಕ್ಕೆ ಹೊರಟರೆ 92 ದಿನ. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಬರುತ್ತವೆ. ಆಗಸ್ಟ್ 29ಕ್ಕೆ ಹೊರಡಬೇಕು. ಮನೆ ಅದಲುಬದಲು ಮಾಡುವ ಕುಟುಂಬಗಳು "ಬೇಸಿಗೆ ಪೂರ್ತಿ" ಎಂದು ಒಪ್ಪಿಕೊಳ್ಳುವಾಗ ಸಿಕ್ಕಿಬೀಳುವುದು ಇಲ್ಲೇ. ಇನ್ನೊಂದು ವಿಷಯ. ಮನೆ ಬದಲಾಯಿಸಿಕೊಂಡ ಮಾತ್ರಕ್ಕೆ ಅಲ್ಲಿ ಇರುವ ಹಕ್ಕು, ಕೆಲಸ ಮಾಡುವ ಹಕ್ಕು ಬರುವುದಿಲ್ಲ. ಲ್ಯಾಪ್‌ಟಾಪ್ ತೆರೆದು ನಿಮ್ಮ ಕಚೇರಿ ಕೆಲಸವನ್ನು ಅಲ್ಲಿಂದ ಮಾಡಬಹುದಾ ಎಂಬುದಕ್ಕೆ ಪ್ರತಿ ದೇಶದ ಉತ್ತರ ಬೇರೆ. ರಾಯಭಾರ ಕಚೇರಿಯಿಂದ ತಿಳಿದುಕೊಳ್ಳಿ.

ನಿಮ್ಮ ರೂಮೂ ಖಾಲಿಯಾಗುತ್ತೆ ಅಲ್ವಾ?

ಬಹಳ ವಿದ್ಯಾರ್ಥಿಗಳಿಗೆ ಇದು ಹೊಳೆಯುವುದೇ ಇಲ್ಲ. ನೀವು ಆರು ತಿಂಗಳು ಹೊರಟರೆ ನಿಮ್ಮ ಬಾಡಿಗೆ ರೂಮು ಆರು ತಿಂಗಳು ಖಾಲಿ. ಅದೇ ಹೊತ್ತಿಗೆ ಅಲ್ಲಿಂದ ಬರುವ ವಿದ್ಯಾರ್ಥಿ ಇಲ್ಲಿ ರೂಮು ಹುಡುಕುತ್ತಿರುತ್ತಾರೆ. ಇಬ್ಬರೂ ಎರಡೆರಡು ಬಾಡಿಗೆ ಕಟ್ಟುವುದು ಯಾಕೆ? ವಿನಿಮಯ ಕಚೇರಿಗೆ ಬಂದು, "ನನ್ನ ರೂಮು ಈ ತಾರೀಖಿನಿಂದ ಈ ತಾರೀಖಿನವರೆಗೆ ಇದೆ, ಬರುವವರಿಗೆ ತಿಳಿಸಿ" ಎಂದು ಹೇಳಿ. ನಾವು ಯಾರ ಫೋನ್ ನಂಬರನ್ನೂ ಹಾಗೇ ಕೊಡುವುದಿಲ್ಲ. ಆದರೆ ನಿಮ್ಮ ಸಂದೇಶವನ್ನು ಅವರಿಗೆ ತಲುಪಿಸುತ್ತೇವೆ. ಇದನ್ನು ಕೇಳಿಕೊಂಡು ಬರುವ ವಿದ್ಯಾರ್ಥಿ ಎಂದರೆ ನನಗೆ ಖುಷಿ.

ಮಾಡುವ ಮೊದಲು ಮನೆ ಮಾಲೀಕರ ಲಿಖಿತ ಒಪ್ಪಿಗೆ ಪಡೆಯಿರಿ. ಹಾಸ್ಟೆಲ್ ಆದರೆ ವಾರ್ಡನ್ ಅಥವಾ ವಸತಿ ಕಚೇರಿಯದು. ಕದ್ದುಮುಚ್ಚಿ ಮಾಡಿದರೆ ಪೆಟ್ಟು ಬೀಳುವುದು ಬಂದವರಿಗೆ. ಜರ್ಮನಿಯಲ್ಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ದೃಢೀಕರಣ ಪತ್ರ ಬೇಕು. ನಮ್ಮಲ್ಲಿಂದ ಹೋದ ಹುಡುಗಿಯೊಬ್ಬಳಿಗೆ ರೂಮು ಬಿಟ್ಟುಕೊಟ್ಟವರು ಮಾಲೀಕರಿಗೆ ಗೊತ್ತಾಗುತ್ತದೆಂದು ಈ ಪತ್ರಕ್ಕೆ ಸಹಿ ಹಾಕಲಿಲ್ಲ. ನೋಂದಣಿ ಆಗಲಿಲ್ಲ. ಅದಿಲ್ಲದೆ ವಾಸದ ಪರವಾನಗಿಯ ಕೆಲಸವೂ ನಿಂತುಹೋಯಿತು. ಸೆಮಿಸ್ಟರ್ ನಡುವೆ ಬೇರೆ ರೂಮು ಹುಡುಕಬೇಕಾಯಿತು. ಹಾಗಾಗಿ ರೂಮಿಗೆ ಒಪ್ಪುವ ಮೊದಲೇ "ನೋಂದಣಿ ಪತ್ರಕ್ಕೆ ಸಹಿ ಹಾಕುತ್ತೀರಾ?" ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಮೋಸದ ಬಗ್ಗೆ ಒಂದು ಮಾತು. ಫೋಟೊ ತುಂಬಾ ಚೆನ್ನಾಗಿದ್ದು, ಬಾಡಿಗೆ ತುಂಬಾ ಕಡಿಮೆ ಇದ್ದು, "ನಾನು ಊರಲ್ಲಿಲ್ಲ, ಹಣ ಕಳಿಸಿ, ಕೀ ಕೊರಿಯರ್ ಮಾಡ್ತೀನಿ" ಎಂದರೆ ಅಲ್ಲಿಗೇ ಬಿಟ್ಟುಬಿಡಿ. ಅಲ್ಲೇ ಓದುತ್ತಿರುವ ಯಾರಾದರೂ ರೂಮು ನೋಡಿ ಬರದೆ ಮುಂಗಡ ಕಳಿಸಬೇಡಿ.

ಇಡೀ ಮನೆ ಬದಲಾಯಿಸುವಾಗ

ಈ ಪದ್ಧತಿ ಸಂಘಟಿತವಾಗಿ ಶುರುವಾಗಿದ್ದು ಮೇಷ್ಟರುಗಳಿಂದ. 1953ರಲ್ಲಿ ಯುರೋಪಿನ ಶಿಕ್ಷಕರು ಸೇರಿ ಇಂಟರ್‌ವ್ಯಾಕ್ ಎಂಬ ಮನೆ ಅದಲುಬದಲಿನ ಸಂಘಟನೆ ಕಟ್ಟಿದರು. ಉದ್ದ ರಜೆ ಇತ್ತು, ಹೋಟೆಲಿಗೆ ಕೊಡುವಷ್ಟು ಸಂಬಳ ಇರಲಿಲ್ಲ. ಇದೇ ಕೆಲಸದ ಹೋಮ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ಬಂದದ್ದು 1992ರಲ್ಲಿ. ಅಲ್ಲಿ ನೇರ ಬದಲಾವಣೆ ಮಾತ್ರ ಅಲ್ಲ, ಪಾಯಿಂಟ್ ಲೆಕ್ಕವೂ ಇದೆ. ಯಾರಾದರೂ ನಿಮ್ಮ ಮನೆಯಲ್ಲಿ ಇದ್ದು ಹೋದರೆ ಪಾಯಿಂಟ್ ಬರುತ್ತದೆ, ಅದನ್ನು ಇನ್ನೊಬ್ಬರ ಮನೆಯಲ್ಲಿ ಖರ್ಚು ಮಾಡಬಹುದು. ವಾರ, ಹದಿನೈದು ದಿನಕ್ಕೆ ಇದು ಚೆನ್ನ. ತಿಂಗಳುಗಟ್ಟಲೆ ಇರಬೇಕಾದವರಿಗೆ ಒಂದೇ ಹೊತ್ತಿಗೆ ನೇರ ಬದಲಾವಣೆಯೇ ಒಳ್ಳೆಯದು. ಇಬ್ಬರ ಮನೆಯೂ ಇನ್ನೊಬ್ಬರ ಕೈಯಲ್ಲಿದ್ದರೆ ಇಬ್ಬರೂ ಜೋಪಾನವಾಗಿ ಇರುತ್ತಾರೆ. ಅಧ್ಯಾಪಕರು, ಸಂಶೋಧಕರು ಸಬ್ಯಾಟಿಕಲ್‌ಹೋಮ್ಸ್ ಎಂಬ ವೆಬ್‌ಸೈಟ್ ಕೂಡ ನೋಡಬಹುದು.

ನಿಮ್ಮ ಮನೆಯ ಬಗ್ಗೆ ಬರೆಯುವಾಗ ಇರುವುದನ್ನು ಇರುವ ಹಾಗೇ ಬರೆಯಿರಿ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಬೆಳಗ್ಗೆ ರಸ್ತೆಯ ಸದ್ದು ಇದೆ, ಎಲ್ಲ ಬರೆಯಿರಿ. ಮೊದಲೇ ಗೊತ್ತಿದ್ದು ಬಂದವರು ದೂರುವುದಿಲ್ಲ. ಒಪ್ಪುವ ಮೊದಲು ಒಂದು ವಿಡಿಯೋ ಕಾಲ್ ಆಗಲಿ. ಬಾಗಿಲಿನಿಂದ ಶುರುಮಾಡಿ ಮನೆಯೆಲ್ಲಾ ತೋರಿಸಲು ಹೇಳಿ, ನೀವೂ ತೋರಿಸಿ.

ಆಮೇಲೆ ಒಂದು ಪುಟದ ಒಪ್ಪಂದ. ತಾರೀಖು, ಎಷ್ಟು ಜನ, ಕಾರು ಬಳಸಬಹುದಾ, ಸಾಕುಪ್ರಾಣಿಗೆ ಊಟ ಯಾರು ಹಾಕುತ್ತಾರೆ, ಕರೆಂಟ್ ಬಿಲ್ ಯಾರದು, ಏನಾದರೂ ಒಡೆದರೆ ಏನು, ಯಾರಾದರೂ ಕೊನೆ ಗಳಿಗೆಯಲ್ಲಿ ಬರಲಾಗದಿದ್ದರೆ ಏನು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ. ಮನೆಗೆ ವಿಮೆ ಇದ್ದರೆ ಕಂಪನಿಗೆ ಬರೆದು ತಿಳಿಸಿ. ಮನೆಯವರಿಲ್ಲದಾಗ ಬೇರೆಯವರು ಇದ್ದರೆ ಹಾನಿಗೆ ಪರಿಹಾರ ಕೊಡುವುದಿಲ್ಲ ಎನ್ನುವ ಪಾಲಿಸಿಗಳಿವೆ. ಕಾರು ಕೊಡುವುದಾದರೆ ಓಡಿಸುವವರ ಹೆಸರು ವಿಮೆಯಲ್ಲಿ ಸೇರಿದೆಯಾ ನೋಡಿ. ಸೇರದಿದ್ದರೆ ಕೀ ಕೊಡಬೇಡಿ, ಎಷ್ಟೇ ಸ್ನೇಹ ಆಗಿರಲಿ.

ನಮ್ಮ ಮನೆಯಲ್ಲಿ ಒಂದು ಗೆರೆ ಪುಸ್ತಕ ಇದೆ, ಬಂದವರಿಗಾಗಿ. ಮೊದಲ ಪುಟದಲ್ಲೇ ನೀರಿನ ಮುಖ್ಯ ವಾಲ್ವ್‌ನ ಫೋಟೊ ಅಂಟಿಸಿದ್ದೇನೆ. ಅದು ಸಿಂಕ್ ಕೆಳಗೆ, ಹಿಂದುಗಡೆ ಇದೆ, ಬಗ್ಗಿ ಕೈ ಹಾಕಬೇಕು, ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಪಕ್ಕದಲ್ಲಿ ಫ್ಯೂಸ್ ಪೆಟ್ಟಿಗೆಯ ಫೋಟೊ, ಯಾವ ಸ್ವಿಚ್ ಯಾವ ಕೋಣೆಯದು ಎಂದು ಬಾಣ ಹಾಕಿ ಬರೆದಿದ್ದೇವೆ. ಎರಡನೇ ಪುಟದಲ್ಲಿ ವೈಫೈ ಪಾಸ್‌ವರ್ಡ್, ಕಸ ಹಾಕುವ ದಿನಗಳು, ಹತ್ತಿರದ ಆಸ್ಪತ್ರೆ, ಪಕ್ಕದ ಮನೆಯವರ ನಂಬರ್. ಮಗಳು ಮೂರನೇ ಪುಟ ತುಂಬಿಸಿದ್ದಾಳೆ: ಯಾವ ಆಟಿಕೆ ಬೇಕಾದರೂ ತೆಗೆದುಕೊಳ್ಳಬಹುದು, ಕಿಟಕಿ ಮೇಲಿನ ಮಣ್ಣಿನ ಆನೆಯನ್ನು ಮಾತ್ರ ಮುಟ್ಟಬಾರದು. ಅರ್ಧ ಬೀರು, ಫ್ರಿಜ್‌ನಲ್ಲಿ ಎರಡು ಶೆಲ್ಫ್ ಖಾಲಿ ಮಾಡಿ ಇಡುತ್ತೇವೆ. ಕಾಗದಪತ್ರ, ಒಡವೆ ಒಂದು ಕೋಣೆಯಲ್ಲಿಟ್ಟು ಬೀಗ ಹಾಕುತ್ತೇವೆ, ಹಾಗೆಂದು ಮೊದಲೇ ಹೇಳಿರುತ್ತೇವೆ.

ಹೊರಡುವ ಬೆಳಗ್ಗೆ ಪ್ರತಿ ಕೋಣೆಯ ಫೋಟೊ, ಮೀಟರ್ ರೀಡಿಂಗ್‌ನ ಫೋಟೊ ತೆಗೆದು ಅವರಿಗೆ ಕಳಿಸಿ, ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. ಅವರ ಮನೆಗೆ ಹೋದ ದಿನವೂ ಅಷ್ಟೇ. ಕೀ ಒಂದನ್ನು ಪಕ್ಕದ ಮನೆಯಲ್ಲಿ ಇಡಿ.

ವಾಪಸ್ ಹೊರಡುವ ವಾರ

ವಿದ್ಯಾರ್ಥಿಗಳೇ, ಅಂಕಪಟ್ಟಿ ಯಾವಾಗ, ಯಾರ ಇಮೇಲಿಗೆ ಹೋಗುತ್ತದೆ ಎಂದು ಅಲ್ಲಿಯ ಕಚೇರಿಯಲ್ಲಿ ಮುಖತಃ ಕೇಳಿ. ನೀವು ಇದ್ದ ದಿನಗಳ ಪ್ರಮಾಣಪತ್ರಕ್ಕೆ ಸಹಿ, ಸೀಲು ಹಾಕಿಸಿಕೊಂಡೇ ಹೊರಡಿ. ಜರ್ಮನಿಯಂಥ ದೇಶ ಬಿಡುವಾಗ ವಿಳಾಸ ನೋಂದಣಿಯನ್ನು ರದ್ದು ಮಾಡಿಸಬೇಕು. ಬ್ಯಾಂಕ್ ಖಾತೆಯನ್ನು ಮಾತ್ರ ಆಗಲೇ ಮುಚ್ಚಬೇಡಿ. ರೂಮಿನ ಠೇವಣಿ ಎಷ್ಟೋ ಸಲ ತಿಂಗಳುಗಳ ಮೇಲೆ ಬರುತ್ತದೆ. ಅದು ಖಾತೆಗೆ ಬಂದ ಮೇಲೆ ಮುಚ್ಚಲು ಅರ್ಜಿ ಕಳಿಸಿ.