ಮರಗಸಿ ಕಲಿಯಲು ಹೊರಟವರಿಗೆ: ಮೊದಲ ವಾರ ಮರ ಹತ್ತಬೇಡಿ

ಕಾಫಿ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಇಳಿಸುವ ಕೆಲಸಕ್ಕೆ ಚಿಕ್ಕಮಗಳೂರು, ಸಕಲೇಶಪುರದ ಕಡೆ ಮರಗಸಿ ಅಂತಾರೆ. ಕೊಡಗಿನಲ್ಲಿ ಮರ ಕಪಾತು ಅನ್ನುವುದು ಜಾಸ್ತಿ. ಚೆನ್ನಾಗಿ ಬಲ್ಲವರು ಕಡಿಮೆ ಆಗ್ತಿದ್ದಾರೆ, ಕೂಲಿ ಉಳಿದ ಕೆಲಸಕ್ಕಿಂತ ಜಾಸ್ತಿ ಸಿಗುತ್ತದೆ, ಹಾಗಾಗಿ ಹುಡುಗರು ಬಂದು "ಅಣ್ಣಾ, ನಮಗೂ ಕಲಿಸಿ" ಅಂತ ಕೇಳ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹದಿನೆಂಟು ತುಂಬದವರು ದಯವಿಟ್ಟು ಇನ್ನೂ ಕಾಯಿರಿ.

ನನಗೆ ಕಲಿಸಿದ ಮೇಸ್ತ್ರಿ ಮೊದಲ ದಿನ ಕೈಗೆ ಕತ್ತಿಯನ್ನೇ ಕೊಡಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಂದು ದೊಡ್ಡ ಅತ್ತಿ ಮರದ ಕೆಳಗೆ ಕೂರಿಸಿ, "ಮೇಲೆ ನೋಡ್ಬೇಡ, ನೆಲ ನೋಡು" ಅಂದರು. ಒಂದು ಕಡೆ ಕಾಫಿ ಗಿಡದ ಮೇಲೆ ಬಿಸಿಲು ಕಾಸಿನಗಲದ ಚುಕ್ಕಿಗಳಾಗಿ ಬಿದ್ದಿತ್ತು, ಗಾಳಿ ಬಂದಾಗ ಆ ಚುಕ್ಕಿಗಳು ಓಡಾಡುತ್ತಿದ್ದವು. ಇನ್ನೊಂದು ಕಡೆ ಕತ್ತಲು, ಗಿಡದ ಬುಡದಲ್ಲಿ ಪಾಚಿ, ರೆಕ್ಕೆಗಳು (ಕಾಫಿ ಗಿಡದ ಅಡ್ಡ ಕೊಂಬೆಗಳು) ಸಣಕಲಾಗಿ ಉದ್ದಕ್ಕೆ ಹೋಗಿದ್ದವು. ಮತ್ತೊಂದು ಕಡೆ ಹಿಂದಿನ ವರ್ಷ ದೊಡ್ಡ ಕೊಂಬೆ ಮುರಿದು ಬಿದ್ದ ಜಾಗ, ಬಿಸಿಲು ಪೂರ್ತಿ ಬಡಿದು ಎಲೆ ಹಳದಿ ತಿರುಗಿತ್ತು. "ಈ ಎರಡನ್ನೂ ಆ ಮೊದಲನೇ ಜಾಗದ ಹಾಗೆ ಮಾಡ್ಬೇಕು, ಅಷ್ಟೇ ನಮ್ಮ ಕೆಲಸ" ಅಂದರು. ಇಷ್ಟು ವರ್ಷ ಆದರೂ ಒಂದು ಮರಕ್ಕೆ ಏಣಿ ಇಡುವ ಮೊದಲು ನಾನು ನೆಲವನ್ನೇ ನೋಡುತ್ತೇನೆ.

ಯಾಕೆ ಅಂದ್ರೆ, ಮರಗಸಿ ಮಾಡುವುದು ಮರಕ್ಕೋಸ್ಕರ ಅಲ್ಲ, ಕೆಳಗಿರುವ ಕಾಫಿಗೋಸ್ಕರ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಮುಗಿದು ಮುಂಗಾರು ಹಿಡಿಯುವುದರೊಳಗೆ ನೆರಳು ತೆಳುವಾಗಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆರೋಗ ಬರುತ್ತದೆ. (ಈ ರೋಗ ತರುವ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರೂ ಕೊಳೆರೋಗ ನಾಕ್ಸಿಯಾ, ನಮ್ಮ ಮಾತನ್ನೇ ತೆಗೆದುಕೊಂಡಿದ್ದಾರೆ.) ಹಾಗಂತ ಅರೇಬಿಕಾ ತೋಟದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಕಡಿದರೆ ಬಿಸಿಲು ಜಾಸ್ತಿಯಾಗಿ ಬಿಳಿ ಕಾಂಡಕೊರಕ ಹುಳ ಬರುತ್ತದೆ, ಅದು ಹೊಕ್ಕ ಗಿಡವನ್ನು ಬುಡಸಮೇತ ಕಿತ್ತು ಸುಡಬೇಕಾಗುತ್ತದೆ. ರೊಬಸ್ಟಾಗೆ ಅಷ್ಟು ನೆರಳು ಬೇಡ. ಹಾಗಾಗಿ ತೋಟಕ್ಕೆ ಹೋದ ತಕ್ಷಣ ಕೇಳಬೇಕಾದ ಮೊದಲ ಪ್ರಶ್ನೆ, ಕೆಳಗಿರುವುದು ಅರೇಬಿಕಾನಾ ರೊಬಸ್ಟಾನಾ ಅಂತ.

ಆಮೇಲೆ ಮರಗಳ ಗುಣ ತಿಳಿಯಬೇಕು. ಹಾಲುವಾಣ ಮೆತ್ತಗಿನ ಮರ, ಮುಳ್ಳು ಬೇರೆ, ಎಷ್ಟೇ ದಪ್ಪ ಕಂಡರೂ ಅದರ ಕೊಂಬೆಯ ಮೇಲೆ ಪೂರ್ತಿ ಭಾರ ಬಿಡಬೇಡಿ. ನಾನು ಎರಡನೇ ವರ್ಷ ತೊಡೆ ದಪ್ಪದ ಹಾಲುವಾಣದ ಕೊಂಬೆ ಮೇಲೆ ನಿಂತು ಪಕ್ಕದ್ದನ್ನು ಕೊಯ್ಯುತ್ತಿದ್ದೆ. ಸದ್ದೇ ಇಲ್ಲದೆ ಕಾಲಡಿಯಿಂದ ಕಳಚಿ ಹೋಯಿತು. ಹಗ್ಗ ಮೇಲಿನ ಕವಲಿಗೆ ಕಟ್ಟಿದ್ದರಿಂದ ಎರಡಡಿ ಜಾರಿ ನಿಂತೆ. ಬರೀ ಸೊಂಟಕ್ಕೆ ಸುತ್ತಿದ್ದ ಹಗ್ಗ, ಪಕ್ಕೆಲುಬಿನ ಕೆಳಗೆ ಚರ್ಮ ಕಿತ್ತು ಹೋಗಿತ್ತು, ಹದಿನೈದು ದಿನ ಮಗ್ಗುಲಾಗಿ ಮಲಗಲು ಆಗಲಿಲ್ಲ. ನೇರಳೆ ಕೊಂಬೆಯನ್ನೂ, ಸಿಲ್ವರ್ ಓಕ್‌ನ ಅಡ್ಡ ಕೊಂಬೆಗಳನ್ನೂ ನಂಬಬೇಡಿ. ಒಣಗಿದ ಕೊಂಬೆಯನ್ನಂತೂ ಯಾವ ಮರದ್ದಾದರೂ ಹಿಡಿಯಲೇಬೇಡಿ.

ಅದಕ್ಕೇ ಬೆಲ್ಟ್ ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ತೊಡೆ, ಹೆಗಲು ಎರಡಕ್ಕೂ ಪಟ್ಟಿ ಇರುವ ಪೂರ್ತಿ ಮೈಯ ಸೇಫ್ಟಿ ಬೆಲ್ಟ್ ಬೇಕು, ಅದಕ್ಕೆ ಎರಡು ಹಗ್ಗ ಇರಬೇಕು. ಮೇಲೆ ಹೋಗುವಾಗ ಒಂದನ್ನು ಮೇಲಿನ ಕವಲಿಗೆ ಕಟ್ಟಿದ ಮೇಲೆಯೇ ಕೆಳಗಿನದನ್ನು ಬಿಚ್ಚಬೇಕು. ಯಾವ ಗಳಿಗೆಯಲ್ಲೂ ಎರಡೂ ಬಿಚ್ಚಿರಬಾರದು. ಹಗ್ಗ ಕಟ್ಟುವ ಕವಲು ಹಸಿ ಮರದ್ದಾಗಿರಬೇಕು, ನೀವು ಕತ್ತಿ ಬೀಸುವ ಜಾಗದಿಂದ ದೂರ ಇರಬೇಕು. ತಲೆಗೆ ಹೆಲ್ಮೆಟ್, ಕೆಳಗಿರುವವನಿಗೂ. ಕತ್ತಿಗೆ ಸೊಂಟದಲ್ಲಿ ಕೊಕ್ಕೆ, ಗರಗಸಕ್ಕೆ ಒರೆ. ಹತ್ತುವಾಗ ಕೈಯಲ್ಲಿ ಏನೂ ಇರಬಾರದು. ಇನ್ನು ಚೈನ್ ಸಾ ಮರದ ಮೇಲಕ್ಕೆ ಒಯ್ಯುವ ಆಸೆಯನ್ನು ಮೊದಲ ಎರಡು ವರ್ಷ ಮರೆತುಬಿಡಿ, ಅದು ತಿರುಗಿ ಒದೆಯುತ್ತದೆ, ಒಂದು ಕೈಯಲ್ಲಿ ಹಿಡಿದವರಿಗಂತೂ ತಪ್ಪಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಒಬ್ಬರೇ ಹತ್ತಬೇಡಿ. ಕೆಳಗೆ ಒಬ್ಬ ಇರಲೇಬೇಕು, ಅವನಿಗೂ ಹತ್ತಲು ಬರಬೇಕು. ಬೆಲ್ಟಿನಲ್ಲಿ ಅಲುಗಾಡದೆ ನೇತಾಡುತ್ತಾ ಉಳಿದವರಿಗೆ ಕಾಲಿನಲ್ಲೇ ರಕ್ತ ನಿಂತು ಕೆಲವೇ ನಿಮಿಷದಲ್ಲಿ ಜೀವಕ್ಕೆ ಅಪಾಯವಾಗಬಹುದು. ಯಾರನ್ನಾದರೂ ಕರೆದು ತರುವವರೆಗೆ ಕಾಯುವಷ್ಟು ಹೊತ್ತು ಇರುವುದಿಲ್ಲ.

ಈಗ ಕರೆಂಟ್. ತೋಟದ ನಡುವೆ ಹೋಗುವ ಹನ್ನೊಂದು ಸಾವಿರ ವೋಲ್ಟಿನ ಲೈನು ಎಲೆ ಮರೆಯಲ್ಲಿ ಕಾಣುವುದೇ ಇಲ್ಲ. ಹಗುರ ಅಂತ ಈಗ ಎಲ್ಲರೂ ಅಲ್ಯೂಮಿನಿಯಂ ಏಣಿ ಹಿಡಿದಿದ್ದಾರೆ. ಆ ಏಣಿಯನ್ನು ನಿಲ್ಲಿಸಿಕೊಂಡೇ ಒಂದು ಮರದಿಂದ ಇನ್ನೊಂದಕ್ಕೆ ಹೊರುವಾಗ ತಂತಿಗೆ ತಾಗಿ ಸತ್ತವರ ಸುದ್ದಿ ನಮ್ಮ ಜಿಲ್ಲೆಗಳ ಪೇಪರಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಏಣಿಯನ್ನು ಮಲಗಿಸಿಯೇ ಹೊರಿ. ಬೆಳಿಗ್ಗೆ ಬಂದ ಕೂಡಲೇ ಲೈನು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕಂಬದಿಂದ ಕಂಬಕ್ಕೆ ನಡೆದು ನೋಡಿ. ಲೈನಿನ ಹತ್ತಿರದ ಮರ ಇದ್ದರೆ ಮಾಲೀಕರಿಂದ ಲೈನ್‌ಮ್ಯಾನ್‌ಗೆ ಹೇಳಿಸಿ, ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನು ಬಂದ್ ಮಾಡಿ ಕೆಲಸಕ್ಕೆ ಕೊಡುವ ಒಪ್ಪಿಗೆ) ತೆಗೆದುಕೊಂಡು ಕರೆಂಟ್ ನಿಲ್ಲಿಸಿದ ಮೇಲೆಯೇ ಹತ್ತಿ. ಯಾರ ನಂಬರೂ ಸಿಗದಿದ್ದರೆ 1912ಕ್ಕೆ ಫೋನ್ ಮಾಡಿ. "ಕರೆಂಟ್ ಹೋಗಿದೆ ಅಲ್ವಾ, ಬೇಗ ಮುಗಿಸಿಬಿಡು" ಅಂತ ಯಾರೇ ಹೇಳಿದರೂ ಹತ್ತಬೇಡಿ. ಹೋದ ಕರೆಂಟ್ ಯಾವಾಗ ಬೇಕಾದರೂ ಬರುತ್ತದೆ.

ಕೊಯ್ಯುವ ರೀತಿಗೆ ಬರೋಣ. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲ ಕೊಯ್ದರೆ ಅರ್ಧಕ್ಕೆ ಬರುವಷ್ಟರಲ್ಲಿ ಅದು ತನ್ನ ಭಾರಕ್ಕೇ ಬಾಗಿ, ಕಾಂಡದ ತೊಗಟೆಯನ್ನು ಉದ್ದಕ್ಕೆ ಸಿಗಿದುಕೊಂಡು ಬೀಳುತ್ತದೆ. ಆ ಸಿಗಿದ ಜಾಗದಲ್ಲಿ ನೀರು ನಿಂತು ಮರ ಒಳಗಿನಿಂದ ಕೊಳೆಯುತ್ತದೆ. ಅದಕ್ಕೆ ಮೂರು ಸಲ ಕೊಯ್ಯಬೇಕು. ಕಾಂಡದಿಂದ ಒಂದಡಿ ಆಚೆ, ಮೊದಲು ಕೆಳಗಿನಿಂದ ಮೂರರಲ್ಲಿ ಒಂದು ಪಾಲು. ಅದಕ್ಕಿಂತ ಒಂದೆರಡು ಇಂಚು ಹೊರಗೆ, ಮೇಲಿನಿಂದ ಪೂರ್ತಿ. ಈಗ ಭಾರ ಹೋಯಿತು, ಉಳಿದ ಮೋಟನ್ನು ಕೊನೆಗೆ ನಿಧಾನವಾಗಿ ತೆಗೆಯಿರಿ.

ಆ ಕೊನೆಯ ಕೊಯ್ತ ಎಲ್ಲಿ ಅನ್ನುವುದರಲ್ಲೇ ಇದೆ ಎಲ್ಲ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಕೈಯಾಡಿಸಿ ನೋಡಿ, ಬಳೆ ತೊಡಿಸಿದ ಹಾಗೆ ಒಂದು ಉಬ್ಬು ಸಿಗುತ್ತದೆ, ಅಲ್ಲಿ ತೊಗಟೆ ನೆರಿಗೆ ಕಟ್ಟಿರುತ್ತದೆ. ಆ ಉಬ್ಬು ಕಾಂಡದ್ದು, ಕೊಂಬೆಯದ್ದಲ್ಲ. ಗರಗಸ ಅದರ ಹೊರಗೆ ಓಡಬೇಕು. ಹಿಂದಿನವರು ನುಣ್ಣಗೆ ಕಾಣಲಿ ಅಂತ ಕಾಂಡಕ್ಕೆ ಸಮ ಕೊಯ್ದು ಟಾರು ಬಳಿಯುತ್ತಿದ್ದರು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಅನ್ನುವವರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, ಗಾಯವಾದ ಜಾಗದ ಸುತ್ತ ಮರ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ, ಟಾರಿನಿಂದ ಕೊಳೆಯುವುದು ನಿಲ್ಲುವುದಿಲ್ಲ ಅಂತ ತೋರಿಸಿದರು. ಉಬ್ಬನ್ನು ಉಳಿಸಿದರೆ ಮರ ಉಳಿದಿದ್ದನ್ನು ನೋಡಿಕೊಳ್ಳುತ್ತದೆ. ಉದ್ದ ಮೋಟು ಬಿಡುವುದೂ ತಪ್ಪೇ, ಅದು ಒಣಗಿ ಒಳಕ್ಕೆ ಕೊಳೆ ಇಳಿಸುತ್ತದೆ.

ಕೊಂಬೆ ಬೀಳುವ ದಾರಿಯನ್ನು ಮೊದಲೇ ಲೆಕ್ಕ ಹಾಕಿ. ಕೆಳಗೆ ಕಾಫಿ ಗಿಡ, ಮರದ ಮೈಗೆ ಮೆಣಸಿನ ಬಳ್ಳಿ. ದೊಡ್ಡದನ್ನು ಹಗ್ಗ ಕಟ್ಟಿ ಇಳಿಸಿ, ಸಣ್ಣದನ್ನು ಎರಡು ಸಾಲಿನ ನಡುವೆ ಬೀಳಿಸಿ. ಏಣಿಯನ್ನು ಬಳ್ಳಿಯ ಮೇಲೆ ಒತ್ತಿ ಇಡಬೇಡಿ. ಹತ್ತುವ ಮೊದಲು ಚಗಳಿ (ಮರದ ಕೆಂಪಿರುವೆ) ಗೂಡು, ಕಣಜ, ಹೆಜ್ಜೇನು ಇದೆಯಾ ನೋಡಿ. ಇದ್ದರೆ ಆ ಮರ ಇವತ್ತು ಬೇಡ. ಮರ ನೆನೆದಿದ್ದರೂ ಅಷ್ಟೇ. ಆನೆ ಓಡಾಡುವ ಕಡೆ ಬೆಳಕು ಚೆನ್ನಾಗಿ ಹರಿಯುವ ಮೊದಲು ತೋಟಕ್ಕೆ ಇಳಿಯಬೇಡಿ.

ಕಾಗದದ ಕೆಲಸ ಎರಡೇ. 1976ರ ಮರಗಳ ಸಂರಕ್ಷಣೆ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ, ಬೀಟೆಯಂಥ ಮರಕ್ಕೆ ಬೇಕು. ಮಾಲೀಕರನ್ನು ಕೇಳಿಯೇ ಕತ್ತಿ ಹಾಕಿ. ಎರಡನೆಯದು, ಬ್ಯಾಂಕಿಗೆ ಹೋಗಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಸಿಗುತ್ತದೆ. ಇದನ್ನು ಇವತ್ತೇ ಮಾಡಿಸಿ.

ನಿಮ್ಮ ಮೊದಲ ಮರ ಮೆಣಸಿನ ಬಳ್ಳಿ ಹಬ್ಬಿಸದ ಎಳೆಯ ಸಿಲ್ವರ್ ಓಕ್ ಆಗಿರಲಿ, ಲೈನಿನಿಂದ ದೂರ ಇರುವುದು. ಮೇಸ್ತ್ರಿಯನ್ನು ಕೇಳಿ ಅದನ್ನೇ ತೆಗೆದುಕೊಳ್ಳಿ. ನಾಲ್ಕೈದು ಕೊಂಬೆ ತೆಗೆದು, ಮರಕ್ಕೆ ಸುಣ್ಣದ ಗುರುತು ಹಾಕಿ ಬನ್ನಿ. ಮುಂದಿನ ವರ್ಷ ಅದೇ ಮರದ ಹತ್ತಿರ ಹೋಗಿ ಗಾಯ ನೋಡಿ. ಹೊಸ ತೊಗಟೆ ಸುತ್ತಲೂ ಉಂಗುರದ ಹಾಗೆ ಒಳಕ್ಕೆ ಬರುತ್ತಿದ್ದರೆ ಸರಿಯಾದ ಜಾಗದಲ್ಲೇ ಕೊಯ್ದಿದ್ದೀರಿ. ಎಡ ಬಲ ಮಾತ್ರ ಬಂದು ಮೇಲೆ ಕೆಳಗೆ ಬಾರದಿದ್ದರೆ ಗರಗಸ ಉಬ್ಬಿಗೆ ತಾಗಿದೆ, ಈ ಸಲ ಒಂದು ಬೆರಳಿನಷ್ಟು ಹೊರಗೆ ಹಿಡಿಯಿರಿ.