ಚೂಯಿಂಗ್ ಗಮ್: ಸುತ್ತುಕಾಗದ ಹೇಳದ್ದನ್ನು ಡಬ್ಬಿಯಲ್ಲಿ ಓದುವುದು ಹೇಗೆ?

ಪೆಟ್ಟಿಗೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಚೂಯಿಂಗ್ ಗಮ್‌ನ ಸುತ್ತುಕಾಗದ ಬಿಡಿಸಿ ನೋಡಿ. ಹೆಸರಿದೆ, ಚಿತ್ರವಿದೆ, ಹಸಿರು ಚುಕ್ಕೆಯಿದೆ. ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಮಾತ್ರ ಹೆಚ್ಚಿನವುಗಳಲ್ಲಿ ಸಿಗುವುದಿಲ್ಲ. ಇದು ಕಾನೂನೇ ಕೊಟ್ಟಿರುವ ರಿಯಾಯಿತಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಲೇಬಲ್ ನಿಯಮಗಳ ಪ್ರಕಾರ, ಪೊಟ್ಟಣದ ಮೇಲ್ಮೈ 100 ಚದರ ಸೆಂಟಿಮೀಟರ್ ದಾಟದಿದ್ದರೆ ಪದಾರ್ಥಗಳ ಪಟ್ಟಿ, ಬ್ಯಾಚ್ ಸಂಖ್ಯೆ, ಪೋಷಕಾಂಶದ ವಿವರ ಅದರ ಮೇಲೆ ಇರಲೇಬೇಕೆಂದಿಲ್ಲ. 30 ಚದರ ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ದಿನಾಂಕಕ್ಕೂ ವಿನಾಯಿತಿ. ಆದರೆ ಇವೆಲ್ಲ ಬಿಡಿ ಗಮ್‌ಗಳನ್ನು ತುಂಬಿ ಬರುವ ದೊಡ್ಡ ಡಬ್ಬಿ ಅಥವಾ ಪ್ಯಾಕಿನ ಮೇಲೆ ಇರಲೇಬೇಕು.

ಆದ್ದರಿಂದ ಮೊದಲ ಹೆಜ್ಜೆ: ಡಬ್ಬಿ ತೋರಿಸಲು ಕೇಳಿ. ಗಾಜಿನ ಭರಣಿಗೆ ಸುರಿದಿದ್ದರೆ ಮೂಲ ಡಬ್ಬಿ ಎಲ್ಲಿದೆ ಎಂದು ಕೇಳಿ. ಅಂಗಡಿಯವರು ಮುಖ ಸಿಂಡರಿಸಿದರೂ ಸಂಕೋಚ ಬೇಡ. ಗಮ್ ಅನ್ನು ಒಂದೊಂದಾಗಿ ಕೊಳ್ಳುವವರಲ್ಲಿ ಮಕ್ಕಳೇ ಹೆಚ್ಚು. ಅವರ ಕೈಗೆ ಬರುವ ಕಾಗದದ ಮೇಲೆಯೇ ಮಾಹಿತಿ ಇಲ್ಲದಿರುವುದು ಈ ನಿಯಮದ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಡಬ್ಬಿಯ ಲೇಬಲ್ ಗಿರಾಕಿಯ ಕಡೆಗೆ ಮುಖ ಮಾಡಿರಬೇಕು ಎಂಬಷ್ಟಾದರೂ ಕಡ್ಡಾಯವಾಗಬೇಕು.

ಗುರುತು ಮತ್ತು ಸಂಖ್ಯೆ

ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೆ ಈಗ ಕಂದು ಚೌಕದೊಳಗೆ ಕಂದು ತ್ರಿಕೋನ. ಗಮ್ ಕೊಳ್ಳುವಾಗ ಇದನ್ನು ನೋಡಲೇಬೇಕು, ಯಾಕೆಂದರೆ ಕೆಲವು ತಯಾರಕರು ಪ್ರಾಣಿಜನ್ಯ ಜೆಲಾಟಿನ್ ಬಳಸುತ್ತಾರೆ.

ಆಮೇಲೆ ಎಫ್‌ಎಸ್‌ಎಸ್‌ಎಐ ಚಿಹ್ನೆಯ ಜೊತೆಗಿರುವ 14 ಅಂಕಿಗಳು. ಮೊದಲ ಅಂಕಿ 1 ಆದರೆ ಪರವಾನಗಿ, 2 ಆದರೆ ಸಣ್ಣ ಉದ್ಯಮದ ನೋಂದಣಿ. ಮುಂದಿನ ಎರಡು ರಾಜ್ಯದ ಸಂಕೇತ. ಕರ್ನಾಟಕದ್ದು 12, ಕೇಂದ್ರ ಪರವಾನಗಿಯಾದರೆ 00. ಅದರ ನಂತರದ ಎರಡು ಅಂಕಿ ವರ್ಷವನ್ನು ಹೇಳುತ್ತವೆ. ಈ ಸಂಖ್ಯೆಯನ್ನು ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿದರೆ ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಬಾರ್‌ಕೋಡ್ 890ರಿಂದ ಆರಂಭವಾದ ಮಾತ್ರಕ್ಕೆ ಭಾರತದಲ್ಲೇ ತಯಾರಾದದ್ದು ಎಂದುಕೊಳ್ಳಬೇಡಿ. ಕಂಪನಿ ಬಾರ್‌ಕೋಡ್ ಪಡೆದದ್ದು ಇಲ್ಲಿ ಎಂದಷ್ಟೇ ಅದರರ್ಥ. ಅಂದಹಾಗೆ, ಅಂಗಡಿಯೊಂದರಲ್ಲಿ ಈ ಬಗೆಯ ಬಾರ್‌ಕೋಡ್ ಸ್ಕ್ಯಾನ್ ಆದ ಮೊದಲ ಸರಕೇ ಚೂಯಿಂಗ್ ಗಮ್. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಊರಿನಲ್ಲಿ ರಿಗ್ಲಿ ಕಂಪನಿಯ ಜ್ಯೂಸಿ ಫ್ರೂಟ್ ಪ್ಯಾಕ್ 67 ಸೆಂಟ್‌ಗೆ ಮಾರಾಟವಾಯಿತು.

ಪದಾರ್ಥಗಳ ಪಟ್ಟಿ

ಹೆಚ್ಚು ತೂಕದ ಪದಾರ್ಥ ಮೊದಲು, ಕಡಿಮೆಯದ್ದು ಕೊನೆಗೆ, ಇದು ಬರೆಯುವ ಕ್ರಮ. ಸಕ್ಕರೆ ಮೊದಲಿದ್ದರೆ ನೀವು ಅಗಿಯುವುದರಲ್ಲಿ ಅದೇ ಜಾಸ್ತಿ.

ಪಟ್ಟಿಯಲ್ಲಿ 'ಗಮ್ ಬೇಸ್' ಎಂದಿರುತ್ತದೆ. ಕರಗದೆ ಬಾಯಲ್ಲಿ ಉಳಿಯುವ ಭಾಗ ಅದು. ಹಿಂದೆ ಇದನ್ನು ಮೆಕ್ಸಿಕೊ, ಗ್ವಾಟೆಮಾಲದ ಕಾಡುಗಳಲ್ಲಿ ಸಪೋಟ ಮರದ ತೊಗಟೆಗೆ ಗಾಯ ಮಾಡಿ ಇಳಿಸಿದ ಹಾಲಿನಿಂದ ಮಾಡುತ್ತಿದ್ದರು. ಹೌದು, ನಮ್ಮ ತೋಟಗಳಲ್ಲಿ ಬೆಳೆಯುವ ಅದೇ ಸಪೋಟ. ಎರಡನೇ ಮಹಾಯುದ್ಧದ ನಂತರ ಆ ಹಾಲಿನ ಜಾಗಕ್ಕೆ ಪಾಲಿವಿನೈಲ್ ಅಸಿಟೇಟ್, ಪಾಲಿಐಸೊಬ್ಯುಟಿಲೀನ್‌ನಂಥ ಪ್ಲಾಸ್ಟಿಕ್ ಜಾತಿಯ ಕೃತಕ ಪಾಲಿಮರ್‌ಗಳು ಬಂದವು. ನಿಯಮ ಇವೆಲ್ಲವನ್ನೂ 'ಗಮ್ ಬೇಸ್' ಎಂಬ ಒಂದೇ ಹೆಸರಿನಡಿ ಬರೆಯಲು ಬಿಡುತ್ತದೆ. ಉಗಿದ ಗಮ್ ಬಸ್ ನಿಲ್ದಾಣದ ನೆಲದಲ್ಲಿ ವರ್ಷಗಟ್ಟಲೆ ಕೊಳೆಯದೆ ಕೂರುವುದು ಈ ಪಾಲಿಮರ್‌ಗಳಿಂದಲೇ. ಹಾಗಾಗಿ ಅಗಿದಾದ ಮೇಲೆ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೇ ಹಾಕಿ.

'ಶುಗರ್ ಫ್ರೀ' ಎಂದು ಬರೆಯಲು 100 ಗ್ರಾಂನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರಿರಬಾರದು. ಸಿಹಿಗೆ ಬೇರೆ ವಸ್ತುಗಳಿರುತ್ತವೆ, ಅವು ಹಲವು ಬಾರಿ ಸಂಖ್ಯೆಯ ರೂಪದಲ್ಲಿ ಬರುತ್ತವೆ. 420 ಸಾರ್ಬಿಟಾಲ್, 421 ಮ್ಯಾನಿಟಾಲ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್. ಇವು ಪಾಲಿಯಾಲ್ ಎಂಬ ಸಕ್ಕರೆ ಬದಲಿಗಳು, ಹೆಚ್ಚು ತಿಂದರೆ ಹೊಟ್ಟೆ ಸಡಿಲವಾಗಬಹುದು, ಆ ಎಚ್ಚರಿಕೆಯನ್ನು ಲೇಬಲ್ಲಿನಲ್ಲಿ ಹುಡುಕಿ. 950 ಅಸಿಸಲ್ಫೇಮ್ ಪೊಟ್ಯಾಸಿಯಂ, 955 ಸುಕ್ರಲೋಸ್. 951 ಕಂಡರೆ ಅದು ಆಸ್ಪರ್ಟೇಮ್. ಫಿನೈಲ್‌ಕೀಟೊನೂರಿಯ ಎಂಬ ಹುಟ್ಟು ಕಾಯಿಲೆಯ ಮಕ್ಕಳಿಗೆ ಇದನ್ನು ಕೊಡಲೇಬಾರದು. ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ಗಮ್ ಅದರ ಬಾಯಿಗೆ ಸಿಗದಂತೆ ಇಡಿ. ನಮಗೆ ಹಾನಿಯಿಲ್ಲದ ಪ್ರಮಾಣವೂ ನಾಯಿಯ ಪ್ರಾಣ ತೆಗೆಯಬಲ್ಲದು.

ಸಿಗರೇಟು ಬಿಡಲು ಬಳಸುವ ನಿಕೋಟಿನ್ ಗಮ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಔಷಧ. ಆಹಾರದಲ್ಲಿ ತಂಬಾಕು, ನಿಕೋಟಿನ್ ಬಳಸುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳೇ ನಿಷೇಧಿಸಿವೆ.

ವಿದೇಶಿ ಗಮ್

ಆಮದು ಗಮ್ ಮೇಲೆ ಇಲ್ಲಿನ ಆಮದುದಾರರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇರಬೇಕು. ಇವನ್ನು ಕಿತ್ತು ಬಾರದ ಸ್ಟಿಕ್ಕರ್‌ನಲ್ಲಿ ಅಂಟಿಸಲು ಅವಕಾಶವಿದೆ. ಸ್ಟಿಕ್ಕರೇ ಇಲ್ಲದ ಸರಕು ಅಂಗಡಿಗೆ ಬಂದ ದಾರಿಯ ಬಗ್ಗೆ ಅನುಮಾನಪಡಲು ಕಾರಣವಿದೆ. ಇನ್ನು ಮಕ್ಕಳನ್ನು ನೋಡಲು ಸಿಂಗಪುರಕ್ಕೆ ಹೊರಟವರು ಗಮ್ ಅನ್ನು ಮನೆಯಲ್ಲೇ ಬಿಡಿ. ಅಲ್ಲಿ 1992ರಿಂದ ನಿಷೇಧವಿದೆ. 2004ರಲ್ಲಿ ಸಡಿಲಿಸಿದ್ದು ಹಲ್ಲಿನ ಆರೋಗ್ಯದ ಮತ್ತು ಔಷಧೀಯ ಗಮ್‌ಗೆ ಮಾತ್ರ.

ಲೋಪ ಕಂಡರೆ

ಡಬ್ಬಿಯ ನಾಲ್ಕೂ ಬದಿಯ ಫೋಟೊ ತೆಗೆಯಿರಿ, ಬ್ಯಾಚ್ ಸಂಖ್ಯೆ ಸ್ಪಷ್ಟವಾಗಿ ಬರಲಿ. ಬಿಲ್ ಕೇಳಿ ಪಡೆಯಿರಿ. ಆಹಾರದ ದೂರಿಗೆ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್ ಇದೆ. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ತಿಳಿಸಿ, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಚಿಲ್ಲರೆ ಇಲ್ಲವೆಂದು ಗಮ್ ಕೈಗಿಟ್ಟರೆ ಬೇಡವೆನ್ನುವ ಹಕ್ಕು ನಿಮಗಿದೆ. ನಿಮ್ಮ ಬಾಕಿ ಹಣವನ್ನೇ ಕೇಳಿ.