ನಿಯಂತ್ರಕ ಟಿ ಕೋಶಗಳನ್ನು ಎಣಿಸಲು ಹೊರಟ ನನ್ನ ಅನುಭವ

ರುಮಟಾಯ್ಡ್ ಸಂಧಿವಾತವಿರುವವರ ರಕ್ತದಲ್ಲಿ ನಿಯಂತ್ರಕ ಟಿ ಕೋಶಗಳು (ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಗಳು) ಕಡಿಮೆ ಇರುತ್ತವೆಯೇ ಎಂಬ ಪ್ರಶ್ನೆಯನ್ನು ಹಿಡಿದು ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಆರಂಭಿಸಿದಾಗ, ಆರು ತಿಂಗಳಲ್ಲಿ ಉತ್ತರ ಸಿಗುತ್ತದೆಂದೇ ನಂಬಿದ್ದೆ. ಸ್ವಂತ ದೇಹದ ಮೇಲೆ ತಿರುಗಿಬೀಳಬಲ್ಲ ಇತರ ಟಿ ಕೋಶಗಳನ್ನು ಅಂಕೆಯಲ್ಲಿಡುವುದು ಈ ಕೋಶಗಳ ಕೆಲಸ. ಸಂಧಿವಾತದಲ್ಲಿ ಆ ಅಂಕೆ ತಪ್ಪಿರುತ್ತದೆ, ಆದ್ದರಿಂದ ಇವುಗಳ ಸಂಖ್ಯೆಯೂ ಕುಸಿದಿರಬೇಕು ಎಂಬುದು ನನ್ನ ತರ್ಕವಾಗಿತ್ತು. ಎಣಿಸುವ ಮೊದಲು ಯಾವುದನ್ನು ಎಣಿಸುತ್ತಿದ್ದೇನೆ ಎಂಬುದು ಖಚಿತವಾಗಿರಬೇಕೆಂದು ಆಗ ನನಗೆ ಹೊಳೆದಿರಲಿಲ್ಲ.

ಜಪಾನಿನ ರೋಗನಿರೋಧಕ ವಿಜ್ಞಾನಿ ಶಿಮೋನ್ ಸಕಾಗುಚಿ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳ ಸಿಡಿ4 (ಕೋಶದ ಮೇಲ್ಮೈಯ ಒಂದು ಗುರುತು ಪ್ರೋಟೀನ್) ಇರುವ ಟಿ ಕೋಶಗಳಿಂದ ಸಿಡಿ25 ಎಂಬ ಗುರುತು ಹೊತ್ತವನ್ನು ಮಾತ್ರ ಬೇರ್ಪಡಿಸಿ, ಉಳಿದವನ್ನು ಟಿ ಕೋಶಗಳಿಲ್ಲದ ಇಲಿಗಳಿಗೆ ಕೊಟ್ಟಾಗ, ಅವುಗಳ ಹಲವು ಅಂಗಗಳಲ್ಲಿ ಸ್ವಯಂನಿರೋಧಕ ಕಾಯಿಲೆ ಕಾಣಿಸಿಕೊಂಡಿತು. ಹಾಗಾಗಿ ನಾನೂ ಸಿಡಿ4 ಮತ್ತು ಸಿಡಿ25 ಎಂಬ ಎರಡೇ ಗುರುತುಗಳಿಗೆ ಬಣ್ಣದ ಪ್ರತಿಕಾಯಗಳನ್ನು ಸೇರಿಸಿ ಕೋಶಗಳನ್ನು ಒಂದೊಂದಾಗಿ ಹಾಯಿಸಿ ಅವುಗಳ ಬಣ್ಣವನ್ನು ಅಳೆಯುವ ಫ್ಲೋ ಸೈಟೋಮೀಟರ್ ಯಂತ್ರದ ಮುಂದೆ ಕುಳಿತೆ. ಇಲಿಯಲ್ಲಿ ಈ ಗುರುತು ಇರುವ ಮತ್ತು ಇಲ್ಲದ ಕೋಶಗಳು ತೆರೆಯ ಮೇಲೆ ಬಹುಮಟ್ಟಿಗೆ ಬೇರೆಬೇರೆ ಗುಂಪುಗಳಾಗಿ ನಿಲ್ಲುತ್ತವೆ. ಮನುಷ್ಯರ ರಕ್ತದಲ್ಲಿ ಹಾಗಲ್ಲ. ಅಲ್ಲಿ ಸಿಡಿ25 ಒಂದು ಇಳಿಜಾರಿನಂತೆ ಹರಡಿಕೊಂಡಿರುತ್ತದೆ, ಗೇಟ್, ಅಂದರೆ ಲೆಕ್ಕಕ್ಕೆ ಸೇರುವ ಕೋಶಗಳನ್ನು ಗುರುತಿಸುವ ಗೆರೆಯನ್ನು, ಎಲ್ಲಿ ಎಳೆಯಬೇಕು ಎಂಬುದು ಎಳೆಯುವವರ ಕೈಗೆ ಬಿಟ್ಟದ್ದು. ಆರೋಗ್ಯವಂತರಲ್ಲಿ ಸಿಡಿ4 ಕೋಶಗಳ ಪೈಕಿ ಸುಮಾರು ಶೇ. 5ರಿಂದ 10ರಷ್ಟು ಮಾತ್ರ ನಿಯಂತ್ರಕ ಕೋಶಗಳಾಗಿರುವುದರಿಂದ, ಗೆರೆ ಕೂದಲೆಳೆಯಷ್ಟು ಸರಿದರೂ ಫಲಿತಾಂಶ ಬದಲಾಗುತ್ತದೆ.

ನನ್ನ ಮೊದಲ ತಂಡದ ಮಾದರಿಗಳಲ್ಲಿ ರೋಗಿಗಳಿಗೇ ಹೆಚ್ಚು ನಿಯಂತ್ರಕ ಕೋಶಗಳಿರುವಂತೆ ಕಂಡಿತು. ನಿರೀಕ್ಷೆಗೆ ವಿರುದ್ಧವಾದ ಆ ಫಲಿತಾಂಶವನ್ನು ನಾನು ಉತ್ಸಾಹದಿಂದಲೇ ಪ್ರಯೋಗಾಲಯದ ಸಭೆಯಲ್ಲಿ ಮಂಡಿಸಿದೆ. ಹಿರಿಯ ಸಹೋದ್ಯೋಗಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಸಿಡಿ127 ನೋಡಿದ್ದೀರಾ?" ನಿಜವಾದ ನಿಯಂತ್ರಕ ಕೋಶಗಳ ಮೇಲೆ ಸಿಡಿ127 ಎಂಬ ಈ ಇನ್ನೊಂದು ಗುರುತು ಕಡಿಮೆ ಇರುತ್ತದೆಂದು 2006ರಲ್ಲೇ ತಿಳಿದುಬಂದಿತ್ತು. ಆ ಬಣ್ಣವನ್ನೂ ಸೇರಿಸಿ ಮತ್ತೆ ನೋಡಿದಾಗ, ನಾನು ಹೆಚ್ಚುವರಿ ಎಂದು ಎಣಿಸಿದ್ದ ಕೋಶಗಳಲ್ಲಿ ಬಹುಪಾಲು ಸಿಡಿ127 ಹೇರಳವಾಗಿರುವ, ಉದ್ರಿಕ್ತಗೊಂಡ ಸಾಮಾನ್ಯ ಟಿ ಕೋಶಗಳಾಗಿದ್ದವು. ಅಂದರೆ ಉರಿಯೂತವನ್ನು ಹಚ್ಚುವವುಗಳನ್ನೇ ನಾನು ನಂದಿಸುವವುಗಳ ಲೆಕ್ಕಕ್ಕೆ ಸೇರಿಸಿದ್ದೆ. ಹಲವು ತಿಂಗಳ ದತ್ತಾಂಶವನ್ನು ಬದಿಗಿಡಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ರಕ್ತ ಕೊಟ್ಟವರಿಗೆ ಅನ್ಯಾಯ ಮಾಡಿದೆನೆಂಬ ಭಾವನೆ ನನ್ನನ್ನು ಬಹಳ ದಿನ ಕಾಡಿತು.

ಹಾಗಾದರೆ ನಿಯಂತ್ರಕ ಕೋಶಗಳನ್ನು ರೂಪಿಸುವ ಫಾಕ್ಸ್‌ಪಿ3 ಎಂಬ ಜೀನಿನ ಪ್ರೋಟೀನನ್ನೇ ನೋಡಿದರೆ ಸಾಲದೇ ಎಂದು ಈ ಕ್ಷೇತ್ರಕ್ಕೆ ಹೊಸದಾಗಿ ಬರುವವರು ಕೇಳುತ್ತಾರೆ. ಸ್ಕರ್ಫಿ ಎಂಬ ಇಲಿತಳಿಯ ಮಾರಕ ಕಾಯಿಲೆಗೆ ಈ ಜೀನಿನ ದೋಷವೇ ಕಾರಣವೆಂದು ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ತೋರಿಸಿದರು. ಇದೇ ಜೀನ್ ಕೆಟ್ಟ ಗಂಡುಮಕ್ಕಳಿಗೆ ಹಸುಗೂಸಿನ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ, ನಿಲ್ಲದ ಭೇದಿ, ಚರ್ಮದ ಎಕ್ಸಿಮಾ ಕಾಣಿಸಿಕೊಳ್ಳುತ್ತವೆ. ನಿಯಂತ್ರಕ ಕೋಶಗಳು ರೂಪುಗೊಳ್ಳುವುದು ಈ ಜೀನಿನಿಂದಲೇ ಎಂಬುದು 2003ರಲ್ಲಿ ದೃಢಪಟ್ಟಿತು. ಆ ಇಬ್ಬರಿಗೂ ಸಕಾಗುಚಿಯವರಿಗೂ 2025ರ ನೊಬೆಲ್ ಪುರಸ್ಕಾರ ಬಂದ ದಿನ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ದಿನನಿತ್ಯದ ಕೆಲಸದಲ್ಲಿ ಫಾಕ್ಸ್‌ಪಿ3ಗೆ ಎರಡು ತೊಡಕುಗಳಿವೆ. ಮನುಷ್ಯರ ಸಾಮಾನ್ಯ ಟಿ ಕೋಶಗಳೂ ಉದ್ರಿಕ್ತವಾದಾಗ ಅದನ್ನು ಸ್ವಲ್ಪ ಕಾಲ ತೋರಿಸುತ್ತವೆ. ಜೊತೆಗೆ ಅದು ಕೋಶಕೇಂದ್ರದೊಳಗಿರುವ ಪ್ರೋಟೀನ್ ಆದ್ದರಿಂದ, ಬಣ್ಣ ಒಳಗೆ ಹೋಗಲು ಕೋಶವನ್ನು ರಾಸಾಯನಿಕದಿಂದ ಸ್ಥಿರಗೊಳಿಸಿ ಪೊರೆಯನ್ನು ತೂತು ಮಾಡಬೇಕು. ಹಾಗೆ ಮಾಡಿದ ಮೇಲೆ ಕೋಶ ಬದುಕಿರುವುದಿಲ್ಲ, ಅದು ಏನು ಮಾಡಬಲ್ಲದು ಎಂದು ಪರೀಕ್ಷಿಸುವ ದಾರಿಯೂ ಉಳಿಯುವುದಿಲ್ಲ.

ಆದ್ದರಿಂದ ನಾವು ಪ್ರತಿ ಮಾದರಿಯನ್ನು ಎರಡು ಪಾಲು ಮಾಡತೊಡಗಿದೆವು. ಒಂದು ಪಾಲಿನಲ್ಲಿ ಫಾಕ್ಸ್‌ಪಿ3 ನೋಡುತ್ತೇವೆ. ಇನ್ನೊಂದರಿಂದ ಸಿಡಿ25 ಅತಿ ಹೆಚ್ಚು, ಸಿಡಿ127 ಕಡಿಮೆ ಇರುವ ಕೋಶಗಳನ್ನು ಜೀವಂತವಾಗಿ ಬೇರ್ಪಡಿಸಿ, ಅವು ನಿಜಕ್ಕೂ ತಡೆಯುತ್ತವೆಯೇ ಎಂದು ನೋಡುತ್ತೇವೆ. ಸಾಮಾನ್ಯ ಟಿ ಕೋಶಗಳಿಗೆ ಸಿಎಫ್‌ಎಸ್‌ಇ ಎಂಬ ಬಣ್ಣ ತುಂಬಿ ಪ್ರಚೋದಿಸಿದರೆ, ಪ್ರತಿ ವಿಭಜನೆಯಲ್ಲೂ ಬಣ್ಣ ಅರ್ಧಕ್ಕೆ ಇಳಿಯುತ್ತದೆ. ಅವುಗಳಿಗೆ ನಿಯಂತ್ರಕ ಕೋಶಗಳನ್ನು ಸಮ ಪ್ರಮಾಣದಲ್ಲಿ, ಅರ್ಧ, ಕಾಲು ಹೀಗೆ ಇಳಿಸುತ್ತಾ ಬೆರೆಸಿ ನಾಲ್ಕು ದಿನ ಬೆಳೆಸಿದರೆ, ಬಣ್ಣ ಎಷ್ಟು ಉಳಿದಿದೆ ಎಂಬುದರಿಂದ ತಡೆಯ ಬಲ ತಿಳಿಯುತ್ತದೆ. ಇಲ್ಲಿ ನಾನು ಕಲಿತ ಮುಖ್ಯ ಎಚ್ಚರಿಕೆಯೆಂದರೆ, ಕೋಶಗಳ ದಟ್ಟಣೆ ಹೆಚ್ಚಾದರೇ ವಿಭಜನೆ ಕುಗ್ಗಬಹುದು. ಹಾಗಾಗಿ ನಿಯಂತ್ರಕ ಕೋಶಗಳ ಬದಲು ಅಷ್ಟೇ ಸಂಖ್ಯೆಯ ಬಣ್ಣವಿಲ್ಲದ ಸಾಮಾನ್ಯ ಟಿ ಕೋಶಗಳನ್ನು ಹಾಕಿದ ಗುಳಿಯೊಂದು (ಕೋಶ ಬೆಳೆಸುವ ತಟ್ಟೆಯ ಸಣ್ಣ ಕುಳಿ) ಪಕ್ಕದಲ್ಲಿ ಇರಲೇಬೇಕು.

ರಕ್ತವನ್ನು ತೆಗೆದ ದಿನವೇ ಸಂಸ್ಕರಿಸಬೇಕು, ಶೇಕಡಾವಾರಿನ ಜೊತೆಗೆ ಒಟ್ಟು ಸಂಖ್ಯೆಯನ್ನೂ ಲೆಕ್ಕಹಾಕಬೇಕು, ರೋಗಿ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಬರೆದಿಡಬೇಕು. ಇವೆಲ್ಲ ಅನುಭವದಿಂದ ಬಂದ ರೂಢಿಗಳು.

ರಕ್ತ ಮಾತ್ರ ನೋಡಿದರೆ ಸಾಲದೆಂದು ಮುಂದೆ ಮೊಣಕಾಲಿನ ಕೀಲುದ್ರವಕ್ಕೆ ಕೈಹಾಕಿದೆವು. ಒಪ್ಪಿಗೆ ಪತ್ರವನ್ನು ಓದಿ ವಿವರಿಸಿದಾಗ ಒಬ್ಬ ಹಿರಿಯರು, "ಹೇಗೂ ಎಸೆಯೋ ನೀರು ತಾನೇ ಕಣಮ್ಮ, ತಗೊಂಡು ನೋಡಿ" ಎಂದರು. ಅಂಟಂಟಾದ ಆ ದ್ರವವನ್ನು ಹಯಲುರೊನಿಡೇಸ್ ಎಂಬ ಕಿಣ್ವ ಹಾಕಿ ತೆಳುಗೊಳಿಸದಿದ್ದರೆ ಯಂತ್ರದ ಕೊಳವೆ ಕಟ್ಟಿಕೊಳ್ಳುತ್ತದೆ. ಅಲ್ಲಿ ಕಂಡದ್ದು ನನ್ನ ಮೂಲ ತರ್ಕವನ್ನೇ ಅಲುಗಾಡಿಸಿತು. ಊದಿಕೊಂಡ ಕೀಲಿನಲ್ಲಿ ನಿಯಂತ್ರಕ ಕೋಶಗಳ ಪಾಲು ಅದೇ ವ್ಯಕ್ತಿಯ ರಕ್ತಕ್ಕಿಂತ ಹೆಚ್ಚಾಗಿತ್ತು. ಬೇರೆ ದೇಶಗಳ ಸಂಶೋಧಕರೂ ಇದನ್ನೇ ಕಂಡಿದ್ದಾರೆ. ಅವು ಅಲ್ಲಿದ್ದೂ ಉರಿಯೂತ ಏಕೆ ನಿಲ್ಲುವುದಿಲ್ಲ? ಈ ಕಾಯಿಲೆಯವರ ನಿಯಂತ್ರಕ ಕೋಶಗಳು ಇತರ ಟಿ ಕೋಶಗಳ ವಿಭಜನೆಯನ್ನು ತಡೆದರೂ ಆ ಇತರ ಕೋಶಗಳು ಸ್ರವಿಸುವ ಉರಿಯೂತಕಾರಕಗಳನ್ನು ತಡೆಯಲಾರವು, ಟಿಎನ್‌ಎಫ್ ಎಂಬ ಉರಿಯೂತಕಾರಕದ ವಿರೋಧಿ ಔಷಧ ಕೊಟ್ಟಾಗ ಆ ಶಕ್ತಿ ಮರಳುತ್ತದೆ ಎಂದು ಲಂಡನ್ನಿನ ಸಂಶೋಧಕರು 2004ರಲ್ಲಿ ವರದಿ ಮಾಡಿದ್ದರು. ದೋಷ ತಡೆಯುವ ಕೋಶದಲ್ಲೇ ಇರಬೇಕೆಂದೇನೂ ಇಲ್ಲ, ತಡೆಗೆ ಬಗ್ಗದ ಕೋಶದಲ್ಲೂ ಇರಬಹುದು.

ಈ ಎರಡು ಸಾಧ್ಯತೆಗಳಲ್ಲಿ ಯಾವುದು ನಿಜವೆಂದು ತಿಳಿಯಲು ನಾವು ಈಗ ಅದಲುಬದಲು ಮಾಡಿ ಬೆರೆಸುತ್ತೇವೆ. ಕೀಲಿನ ನಿಯಂತ್ರಕ ಕೋಶಗಳನ್ನು ರಕ್ತದ ಸಾಮಾನ್ಯ ಟಿ ಕೋಶಗಳೊಡನೆ, ರಕ್ತದ ನಿಯಂತ್ರಕ ಕೋಶಗಳನ್ನು ಕೀಲಿನ ಸಾಮಾನ್ಯ ಟಿ ಕೋಶಗಳೊಡನೆ ಇಡುತ್ತೇವೆ. ನಮ್ಮ ಕೈಯಲ್ಲಿ ಹೆಚ್ಚಿನ ಸಲ ಮೊದಲ ಜೋಡಿಯಲ್ಲಿ ತಡೆ ಕಾಣುತ್ತದೆ, ಎರಡನೆಯದರಲ್ಲಿ ಕುಗ್ಗುತ್ತದೆ. ಎರಡು ಜೋಡಿಗೂ ಸಾಲುವಷ್ಟು ಕೋಶಗಳು ಒಂದೇ ಮಾದರಿಯಿಂದ ಸಿಗುವುದು ಅಪರೂಪವಾದ್ದರಿಂದ, ಕೀಲುದ್ರವ ತೆಗೆಯುವ ದಿನ ಆಸ್ಪತ್ರೆಯಿಂದ ಕರೆ ಬಂದರೆ ಉಳಿದ ಕೆಲಸವನ್ನೆಲ್ಲ ನಿಲ್ಲಿಸಿ ಮಂಜುಗಡ್ಡೆಯ ಡಬ್ಬಿ ಹಿಡಿದು ನಾನೇ ಹೊರಡುತ್ತೇನೆ.